ಗಣಕಯಂತ್ರದ ಮೇವು ಮತ್ತು ಗ್ರಾಮದ ಸಂಪತ್ತು

ಎತ್ತು ಕೊಳ್ಳಲು ಜಾತ್ರೆಗೆ ಹೋದ ಒಕ್ಕಲಿಗನು ಬೆಲೆಯೊಂದನ್ನೇ ವಿಚಾರಿಸಿ ಹಗ್ಗ ಹಿಡಿಯುವುದಿಲ್ಲ. ಹಲ್ಲನ್ನು ನೋಡುವನು, ಸುಳಿಯನ್ನು ನೋಡುವನು, ನಡೆಸಿ ನೋಡುವನು. ಮನೆಯ ಬಣವೆಯ ಮೇವು ವರ್ಷದ ಕೊನೆಯವರೆಗೆ ಸಾಲುವುದೇ, ಬೇಸಗೆಯಲ್ಲಿ ನೀರಿನ ಅನುಕೂಲವುಂಟೇ, ಈ ಪ್ರಾಣಿಯು ಎಷ್ಟು ವರ್ಷ ದುಡಿಯಬಲ್ಲುದು ಎಂಬುದನ್ನೆಲ್ಲ ಮನಸ್ಸಿನಲ್ಲಿಯೇ ಲೆಕ್ಕಹಾಕಿದ ಮೇಲಲ್ಲದೆ ಮುಂಗಡ ಕೊಡುವುದಿಲ್ಲ. ಇಷ್ಟು ವಿವೇಕವುಳ್ಳ ಜನರೇ ಸಹಕಾರ ಸಂಘದ ಆಡಳಿತ ಮಂಡಲಿಯಲ್ಲಿ ಕುಳಿತು ಗಣಕಯಂತ್ರವನ್ನು ಕೊಳ್ಳುವ ನಿರ್ಣಯ ಮಾಡುವಾಗ ಬೆಲೆಪಟ್ಟಿಯ ಕೊನೆಯ ಸಾಲನ್ನು ಮಾತ್ರ ಓದಿ ರುಜು ಹಾಕುವುದುಂಟು. ಯಂತ್ರವೂ ಮೇಯುತ್ತದೆ, ಯಂತ್ರವೂ ಕುಡಿಯುತ್ತದೆ, ಯಂತ್ರಕ್ಕೂ ಮುಪ್ಪುಂಟು. ಅದರ ಮೇವು ವಿದ್ಯುಚ್ಛಕ್ತಿ, ಅದರ ಪಾನ ನೀರು, ಅದರ ಕಳೇಬರ ಬೀಳುವುದು ಊರ ತಿಪ್ಪೆಯಲ್ಲಿ. ಈ ಮೂರನ್ನೂ ಕೊಳ್ಳುವುದಕ್ಕೆ ಮೊದಲೇ ಲೆಕ್ಕಹಾಕತಕ್ಕುದೆಂಬುದೂ, ಹಾಗೆ ಲೆಕ್ಕಹಾಕುವ ಹೊಣೆ ದೊಡ್ಡ ವರ್ತಕ ಸಂಸ್ಥೆಗಳಿಗೆ ಮಾತ್ರವಲ್ಲದೆ ಗ್ರಾಮದ ಸಂಘಗಳಿಗೂ ಸೇರಿದ್ದೆಂಬುದೂ ಈ ಲೇಖನದ ಅಭಿಪ್ರಾಯ.

ಸಂಘದ ಲೆಕ್ಕವು ಕಾಗದದಿಂದ ಯಂತ್ರಕ್ಕೆ

ಇಸವಿ ೧೯೦೪ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಮರುವರ್ಷವೇ, ಅಂದರೆ ೧೯೦೫ರಲ್ಲಿ, ಗದಗು ತಾಲೂಕಿನ ಕಣಗಿನಹಾಳ ಗ್ರಾಮದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ವ್ಯವಸಾಯ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲಗಾರರ ಕೈಯಲ್ಲಿ ಸಿಕ್ಕಿ ನಲುಗುತ್ತಿದ್ದ ಒಕ್ಕಲುಮಕ್ಕಳಿಗೆ ಆ ಕಾಲದಲ್ಲಿ ಅದೊಂದು ಹೊಸ ದಾರಿಯಾಯಿತು. ಅಂದಿನಿಂದ ಸುಮಾರು ನೂರು ವರ್ಷಗಳ ಕಾಲ ಸಂಘದ ಜೀವಾಳವು ಖಾತೆಯ ಪುಸ್ತಕದಲ್ಲಿತ್ತು. ಪುಸ್ತಕಕ್ಕೆ ಬೇಕಾಗಿದ್ದುದು ಮಸಿ, ಲೇಖನಿ ಮತ್ತು ನಂಬಿಕೆಗೆ ಅರ್ಹನಾದ ಒಬ್ಬ ಕಾರ್ಯದರ್ಶಿ.

ಈಗ ಆ ಸ್ಥಿತಿ ಬದಲಾಗಿದೆ. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯ ಮೂಲಕ ಪಹಣಿಗಳು ಗಣಕಯಂತ್ರವನ್ನು ಸೇರಿದವು. ೨೦೧೪ರಿಂದೀಚೆಗೆ ರಾಜ್ಯದ ಕೃಷಿ ಮಾರುಕಟ್ಟೆಗಳ ಹರಾಜು ಏಕೀಕೃತ ಮಾರುಕಟ್ಟೆ ವ್ಯವಸ್ಥೆಯ ಮೂಲಕ ಯಂತ್ರದ ಪರದೆಯ ಮೇಲೆ ನಡೆಯತೊಡಗಿತು. ಹಾಲು ಉತ್ಪಾದಕರ ಸಂಘಗಳಲ್ಲಿ ಹಾಲಿನ ತೂಕವನ್ನೂ ಜಿಡ್ಡಿನ ಅಂಶವನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ೨೦೨೨ನೆಯ ಇಸವಿ ಜೂನ್ ತಿಂಗಳಲ್ಲಿ ಕೇಂದ್ರ ಮಂತ್ರಿಮಂಡಲವು ದೇಶದ ಸುಮಾರು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಗಣಕಯಂತ್ರವನ್ನು ಒದಗಿಸುವ ಯೋಜನೆಗೆ ೨,೫೧೬ ಕೋಟಿ ರೂಪಾಯಿಗಳ ವೆಚ್ಚದೊಡನೆ ಒಪ್ಪಿಗೆಯನ್ನಿತ್ತಿತು. ಒಂದೇ ಬಗೆಯ ಲೆಕ್ಕ, ಒಂದೇ ಬಗೆಯ ತಃಖ್ತೆ, ಮೇಲಿನ ಬ್ಯಾಂಕುಗಳೊಡನೆ ನೇರ ಸಂಪರ್ಕ, ಇವು ಈ ಯೋಜನೆಯ ಉದ್ದೇಶಗಳು.

ಇದರಿಂದ ಉಂಟಾಗತಕ್ಕ ಲಾಭದ ವಿಷಯದಲ್ಲಿ ಸಂದೇಹವಿಲ್ಲ. ತಿದ್ದಿದ ಅಂಕೆಗಳೂ, ಹರಿದ ಹಾಳೆಗಳೂ, ವರ್ಷಗಟ್ಟಲೆ ಹಿಂದುಳಿದ ಲೆಕ್ಕತಪಾಸಣೆಯೂ ಎಷ್ಟೋ ಸಂಘಗಳನ್ನು ಮುಳುಗಿಸಿವೆ. ಆದಕಾರಣ ಯಂತ್ರ ಬೇಕೇ ಬೇಡವೇ ಎಂಬ ಪ್ರಶ್ನೆ ಇಲ್ಲಿ ಇಲ್ಲ. ಯಂತ್ರ ಬರುವುದು ನಿಶ್ಚಯವಾಗಿರುವಾಗ, ಅದು ಯಾವ ಕ್ರಮದಲ್ಲಿ ಬರಬೇಕು, ಬಂದ ಮೇಲೆ ಗ್ರಾಮದ ನೆಲ, ಜಲ, ಶಕ್ತಿಗಳಿಂದ ಎಷ್ಟನ್ನು ತೆಗೆದುಕೊಳ್ಳಬೇಕು ಎಂಬುದೇ ಪ್ರಶ್ನೆ. ವರ್ತಕ ಸಂಸ್ಥೆಗಳ ಯೋಜನಾಪತ್ರಗಳಲ್ಲಿ ಈ ವಿಷಯವು ಹೆಚ್ಚಾಗಿ ಕೊನೆಯ ಪುಟದಲ್ಲಿರುತ್ತದೆ. ಅದು ಮೊದಲನೆಯ ಪುಟಕ್ಕೆ ಬರಬೇಕು.

ಯಂತ್ರದ ಮೇವು

ಸಂಘದ ಮೇಜಿನ ಮೇಲಿರುವ ಯಂತ್ರವು ಕಣ್ಣಿಗೆ ಕಾಣುವ ಭಾಗ ಮಾತ್ರ. ಅದು ಬರೆದುಕೊಂಡ ಲೆಕ್ಕವು ತಂತಿಯ ಮೂಲಕವೂ ಗಾಳಿಯ ಮೂಲಕವೂ ದೂರದ ದತ್ತಾಂಶ ಭಂಡಾರಗಳಿಗೆ ಹೋಗಿ ಸೇರುವುದು. ಈ ಭಂಡಾರಗಳಲ್ಲಿ ಸಾವಿರಾರು ಯಂತ್ರಗಳು ಹಗಲಿರುಳು ನಿಲ್ಲದೆ ನಡೆಯುತ್ತಿರುತ್ತವೆ. ಅಂತಾರಾಷ್ಟ್ರೀಯ ಶಕ್ತಿ ಸಂಸ್ಥೆಯವರು ೨೦೨೫ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಪ್ರಪಂಚದ ದತ್ತಾಂಶ ಭಂಡಾರಗಳು ೨೦೨೪ರಲ್ಲಿ ಉಪಯೋಗಿಸಿದ ವಿದ್ಯುತ್ತು ಸುಮಾರು ೪೧,೫೦೦ ಕೋಟಿ ಯೂನಿಟ್ಟುಗಳು. ಇದು ಪ್ರಪಂಚದ ಒಟ್ಟು ವಿದ್ಯುತ್ ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು. ೨೦೩೦ರ ವೇಳೆಗೆ ಇದು ಇಮ್ಮಡಿಗೂ ಮೀರಿ ಸುಮಾರು ೯೪,೫೦೦ ಕೋಟಿ ಯೂನಿಟ್ಟುಗಳನ್ನು ಮುಟ್ಟಬಹುದೆಂದು ಅದೇ ಸಂಸ್ಥೆಯವರ ಎಣಿಕೆ. ಕೃತಕ ಬುದ್ಧಿಮತ್ತೆಯೆಂಬ ಹೊಸ ವಿದ್ಯೆಯು ಈ ಏರಿಕೆಗೆ ಮುಖ್ಯ ಕಾರಣವಾಗಿದೆ.

ವಿದ್ಯುತ್ತು ಎಲ್ಲಿಂದಲೋ ಬಂದು ಎಲ್ಲಿಯೋ ಖರ್ಚಾಗುವ ವಸ್ತುವೆಂದು ಹಳ್ಳಿಯವರು ಭಾವಿಸುವಂತಿಲ್ಲ. ಪಂಪುಸೆಟ್ಟುಗಳಿಗೆ ವಿದ್ಯುತ್ತು ಪಾಳಿಯ ಮೇಲೆ ದೊರೆಯುವುದೆಂಬುದನ್ನು ಒಕ್ಕಲಿಗರಿಗೆ ತಿಳಿಸಿಕೊಡಬೇಕಾದುದಿಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟು, ಜಲಾಶಯಗಳು ತಗ್ಗಿ, ರಾಜ್ಯದಲ್ಲಿ ವಿದ್ಯುತ್ತಿನ ಅಭಾವವುಂಟಾದಾಗ ಪಂಪುಸೆಟ್ಟುಗಳ ಗಂಟೆಗಳು ಇನ್ನೂ ಕಡಿಮೆಯಾದುವು. ಒಂದೇ ತೊರೆಯಿಂದ ಹತ್ತು ಕಾಲುವೆಗಳು ಒಡೆದಾಗ ಕೊನೆಯ ಗದ್ದೆಗೆ ನೀರು ಮುಟ್ಟದಿರುವಂತೆ, ಒಂದೇ ವಿದ್ಯುಜ್ಜಾಲಕ್ಕೆ ಹೊಸ ಹೊಸ ಬೇಡಿಕೆಗಳು ಸೇರಿದಾಗ ಅಭಾವದ ಭಾರವು ಮೊದಲು ಬೀಳುವುದು ತಂತಿಯ ಕೊನೆಯಲ್ಲಿರುವವರ ಮೇಲೆ.

ಸೂರ್ಯಶಕ್ತಿಯಿಂದ ಇದೆಲ್ಲವೂ ಪರಿಹಾರವಾಗುವುದೆಂದು ಹೇಳುವವರುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಸೂರ್ಯಶಕ್ತಿಗೂ ನೆಲ ಬೇಕು. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನಲ್ಲಿ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವು ೨೦೧೯ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿ ಭೂಮಿಯನ್ನು ಕ್ರಯಕ್ಕೆ ತೆಗೆದುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಂತೆ ಆರಂಭಿಸಿ, ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಸುವ ಏರ್ಪಾಡಾಯಿತು. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುತ್ತಿದ್ದ ಆ ಸೀಮೆಯ ಜಮೀನುದಾರರಿಗೆ ಇದು ನಿಶ್ಚಿತವಾದ ವರಮಾನವನ್ನು ತಂದಿತು. ಭೂಮಿಯಿಲ್ಲದೆ ಕೂಲಿಯನ್ನೇ ನಂಬಿದ್ದವರಿಗೂ, ಕುರಿ ದನಗಳನ್ನು ಮೇಯಿಸುತ್ತಿದ್ದವರಿಗೂ ಅಷ್ಟು ಪ್ರಯೋಜನವಾಗಲಿಲ್ಲ. ಅವರ ಕೂಲಿಯೂ ಹುಲ್ಲುಗಾವಲೂ ಕಡಿಮೆಯಾದುವು. ಒಳ್ಳೆಯ ಶಕ್ತಿಯೆಂದು ಹೆಸರಾದುದಕ್ಕೂ ಗ್ರಾಮವೇ ಬೆಲೆ ತೆರುವುದೆಂಬುದಕ್ಕೆ ಇದೊಂದು ದೃಷ್ಟಾಂತ. ಹಾಗೆ ಪಡೆದ ಶಕ್ತಿಯನ್ನು ಪಟ್ಟಣದ ಕಚೇರಿಯಲ್ಲಿ ಯಾರೂ ನೋಡದ ಪರದೆಯೊಂದು ರಾತ್ರಿಯೆಲ್ಲ ಉರಿಸಿ ಕಳೆದರೆ ಅದು ನ್ಯಾಯವಲ್ಲ.

ಯಂತ್ರದ ನೀರು

ದೂರದ ಭಂಡಾರಗಳಲ್ಲಿ ಲೆಕ್ಕವನ್ನು ಇಡುವ ಪದ್ಧತಿಗೆ ವರ್ತಕರು ‘ಕ್ಲೌಡ್’, ಅಂದರೆ ಮೋಡ, ಎಂಬ ಹೆಸರನ್ನಿಟ್ಟಿದ್ದಾರೆ. ಮೋಡವೆಂದರೆ ನೀರು ಕೊಡುವುದೆಂದು ಹಳ್ಳಿಯವರು ತಿಳಿದಿದ್ದಾರೆ. ಈ ಮೋಡವು ನೀರನ್ನು ಕುಡಿಯುವುದು. ಯಂತ್ರಗಳು ಕೆಲಸ ಮಾಡುವಾಗ ಹುಟ್ಟುವ ಕಾವನ್ನು ಹೊರಗೆ ಹಾಕದಿದ್ದರೆ ಅವು ಕೆಟ್ಟುಹೋಗುತ್ತವೆ. ಕಾವನ್ನು ಕಳೆಯಲು ಅನೇಕ ಭಂಡಾರಗಳಲ್ಲಿ ನೀರನ್ನು ಆವಿಯಾಗಿಸುತ್ತಾರೆ. ಹೀಗೆ ಆವಿಯಾದ ನೀರು ಮತ್ತೆ ಆ ಕೊಳವೆಗೆ ಬರುವುದಿಲ್ಲ. ಗಾಳಿಯಿಂದ ತಂಪುಮಾಡುವ ವಿಧಾನದಲ್ಲಿ ನೀರು ಉಳಿದರೂ ವಿದ್ಯುತ್ತು ಹೆಚ್ಚು ಬೇಕು. ಒಂದನ್ನು ಉಳಿಸಿದರೆ ಇನ್ನೊಂದು ಖರ್ಚಾಗುವುದು. ಆದುದರಿಂದ ಎರಡರ ಲೆಕ್ಕವನ್ನೂ ಕೂಡಿಯೇ ನೋಡಬೇಕು.

ಗಣಕ ವ್ಯಾಪಾರಕ್ಕೆ ಹೆಸರಾದ ಬೆಂಗಳೂರು ನಗರವು ಕಾವೇರಿಯ ನೀರನ್ನು ದೂರದಿಂದ ಎತ್ತಿ ತರಿಸಿಕೊಳ್ಳುತ್ತದೆ. ೨೦೨೪ರ ಬೇಸಗೆಯಲ್ಲಿ ಆ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನರು ನೀರಿನ ಲಾರಿಗಳಿಗಾಗಿ ಕಾದು ನಿಂತರು. ನೀರಿನ ಅಭಾವವುಳ್ಳ ಇಂಥ ಸ್ಥಳದಲ್ಲಿ ಹೊಸ ಭಂಡಾರಗಳನ್ನು ಕಟ್ಟುವಾಗ, ಶುದ್ಧಿಮಾಡಿದ ಬಳಸಿದ ನೀರನ್ನು ಉಪಯೋಗಿಸಬೇಕೆಂಬುದೂ, ವರ್ಷಕ್ಕೆ ಎಷ್ಟು ನೀರು ಖರ್ಚಾಯಿತೆಂಬುದನ್ನು ಪ್ರಕಟಪಡಿಸಬೇಕೆಂಬುದೂ ಅತಿಯಾದ ಬೇಡಿಕೆಗಳಲ್ಲ. ಕೆರೆಯ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ನೀರುಗಂಟಿಯನ್ನು ನೇಮಿಸಿ ನಡೆಸಿಕೊಂಡು ಬಂದ ನಾಡಿನಲ್ಲಿ ನೀರಿನ ಲೆಕ್ಕ ಕೇಳುವುದು ಹೊಸ ಸಂಪ್ರದಾಯವೇನೂ ಆಗದು.

ಯಂತ್ರದ ಕಳೇಬರ

ಗೊಬ್ಬರದ ತಿಪ್ಪೆಗೆ ಬಿದ್ದ ವಸ್ತುವೆಲ್ಲವೂ ಕಾಲಕ್ರಮದಲ್ಲಿ ಕೊಳೆತು ಹೊಲಕ್ಕೆ ಸಾರವಾಗುವುದೆಂಬುದು ವ್ಯವಸಾಯಗಾರನ ಹಳೆಯ ಅನುಭವ. ಗಣಕಯಂತ್ರವು ಈ ಅನುಭವಕ್ಕೆ ವಿರುದ್ಧವಾದುದು, ಅದು ಕೊಳೆಯುವುದಿಲ್ಲ. ಹಳೆಯ ಕಾಲದ ದಪ್ಪ ಪರದೆಗಳ ಗಾಜಿನಲ್ಲಿ ಸೀಸವಿದೆ. ಅನಂತರದ ಕೆಲವು ತೆಳುಪರದೆಗಳ ದೀಪಗಳಲ್ಲಿ ಪಾದರಸವಿದೆ. ವಿದ್ಯುತ್ತು ನಿಂತಾಗ ಯಂತ್ರವನ್ನು ನಡೆಸುವ ಸಾಮಾನ್ಯ ಬ್ಯಾಟರಿಯಲ್ಲಿ ಸೀಸದ ತಗಡುಗಳೂ ಗಂಧಕಾಮ್ಲವೂ ಇವೆ. ಗುಜರಿಯವರು ತಾಮ್ರದ ಆಸೆಯಿಂದ ತಂತಿಗಳನ್ನು ಬಯಲಿನಲ್ಲಿ ಸುಟ್ಟಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷಗಳಿರುತ್ತವೆ. ಬ್ಯಾಟರಿಯ ಆಮ್ಲವನ್ನು ಬಾವಿಯ ಬಳಿ ಚೆಲ್ಲುವುದರಿಂದ ಸೀಸವು ಮಣ್ಣಿಗೆ ಸೇರುವುದು. ಸೀಸವು ಮಣ್ಣಿಗೆ ಒಮ್ಮೆ ಸೇರಿದರೆ ತಲೆಮಾರುಗಳ ಕಾಲ ಅಲ್ಲಿಯೇ ನಿಲ್ಲುವುದು. ಅದು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವುದೆಂದು ವೈದ್ಯರು ನಿಸ್ಸಂದೇಹವಾಗಿ ತಿಳಿದಿದ್ದಾರೆ.

ವಿಶ್ವಸಂಸ್ಥೆಗೆ ಸೇರಿದ ಸಂಸ್ಥೆಗಳು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೨ರಲ್ಲಿ ಪ್ರಪಂಚದಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯವು ೬ ಕೋಟಿ ೨೦ ಲಕ್ಷ ಟನ್ನುಗಳು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಪುನರುಪಯೋಗಕ್ಕೆ ಒಳಪಡಿಸಿದುದಕ್ಕೆ ದಾಖಲೆಯಿರುವುದು ನೂರಕ್ಕೆ ೨೨ಕ್ಕಿಂತ ತುಸು ಹೆಚ್ಚು ಪಾಲಿಗೆ ಮಾತ್ರ. ಭಾರತದಲ್ಲಿ ಈ ವಿಷಯದ ಹೊಸ ನಿಯಮಗಳು ೨೦೨೨ರಲ್ಲಿ ಪ್ರಕಟವಾಗಿ ೨೦೨೩ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದವು. ತ್ಯಾಜ್ಯವು ನೋಂದಾಯಿತ ಸಂಸ್ಥೆಗಳ ಮೂಲಕವೇ ವಿಲೇವಾರಿಯಾಗಬೇಕೆಂದೂ, ಅದರ ಮುಖ್ಯ ಹೊಣೆ ಸಾಮಾನನ್ನು ತಯಾರಿಸಿದವರದೆಂದೂ ಅವು ವಿಧಿಸುತ್ತವೆ. ಬ್ಯಾಟರಿಗಳ ವಿಷಯದಲ್ಲಿಯೂ ೨೦೨೨ರಲ್ಲಿ ಪ್ರತ್ಯೇಕ ನಿಯಮಗಳಾಗಿವೆ. ಕಾನೂನು ಇದೆ, ಆದರೆ ಗ್ರಾಮದಲ್ಲಿ ಹಳೆಯ ಯಂತ್ರವು ಸಂಘದ ಕೋಣೆಯಿಂದ ಹೊರಟು ಯಾರ ಕೈ ಸೇರುವುದೆಂಬುದನ್ನು ನೋಡತಕ್ಕವರು ಗ್ರಾಮದವರೇ.

ಮಾತು ಕೊಟ್ಟರೂ ಲೆಕ್ಕ ತಪ್ಪುವುದೇಕೆ

ದೊಡ್ಡ ವರ್ತಕ ಸಂಸ್ಥೆಗಳು ಈ ವಿಷಯವನ್ನು ಅರಿಯದೆ ಇಲ್ಲ. ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯವರು, ತಾವು ವಾಯುಮಂಡಲಕ್ಕೆ ಬಿಡುವ ಅಂಗಾರಕ್ಕಿಂತ ತೆಗೆಯುವ ಅಂಗಾರವೇ ೨೦೩೦ರ ವೇಳೆಗೆ ಹೆಚ್ಚಾಗಿರುವಂತೆ ಮಾಡುವುದಾಗಿ ೨೦೨೦ರ ಜನವರಿಯಲ್ಲಿ ಪ್ರತಿಜ್ಞೆ ಮಾಡಿದರು. ಆದರೆ ೨೦೨೪ರಲ್ಲಿ ಅವರೇ ಹೊರಡಿಸಿದ ವರದಿಯಲ್ಲಿ, ೨೦೨೦ಕ್ಕಿಂತ ೨೦೨೩ರಲ್ಲಿ ಅಂಗಾರದ ಪ್ರಮಾಣವು ನೂರಕ್ಕೆ ೨೯ರಷ್ಟು ಏರಿತೆಂದು ಕಂಡುಬಂದಿತು. ಗೂಗಲ್ ಸಂಸ್ಥೆಯವರ ಅದೇ ವರ್ಷದ ವರದಿಯಲ್ಲಿ, ೨೦೧೯ಕ್ಕಿಂತ ೨೦೨೩ರಲ್ಲಿ ನೂರಕ್ಕೆ ೪೮ರಷ್ಟು ಏರಿಕೆ ಕಂಡಿತು. ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದ್ದಕ್ಕಾಗಿ ಈ ಸಂಸ್ಥೆಗಳನ್ನು ಮೆಚ್ಚತಕ್ಕದ್ದೇ. ಆದರೆ ಇಷ್ಟು ಧನ, ವಿದ್ಯೆ, ಪರಿಣತರನ್ನು ಉಳ್ಳವರಿಗೂ ಹೀಗಾದುದರ ಕಾರಣವನ್ನು ವಿಚಾರಿಸಬೇಕು.

ಯಂತ್ರಗಳ ದಕ್ಷತೆಯು ಈ ಕಾಲದಲ್ಲಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆದರೆ ಕೆಲಸದ ಪ್ರಮಾಣವು ದಕ್ಷತೆಗಿಂತ ವೇಗವಾಗಿ ಬೆಳೆಯಿತು. ಹೊಸ ಭಂಡಾರಗಳ ಕಟ್ಟಡಕ್ಕೂ ಸಾಮಗ್ರಿಗೂ ಅವುಗಳ ವಿದ್ಯುತ್ತಿಗೂ ಆದ ಖರ್ಚು ಉಳಿತಾಯವನ್ನೆಲ್ಲ ನುಂಗಿತು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬವನು ೧೮೬೫ರಷ್ಟು ಹಿಂದೆಯೇ ಕಲ್ಲಿದ್ದಲಿನ ವಿಷಯದಲ್ಲಿ ಇದನ್ನು ಕಂಡಿದ್ದನು: ಉಗಿಯಂತ್ರಗಳು ಕಡಿಮೆ ಇದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಂತೆ, ಇದ್ದಲಿನ ಒಟ್ಟು ಖರ್ಚು ಇಳಿಯುವುದಕ್ಕೆ ಬದಲಾಗಿ ಏರಿತು. ಕೊಳವೆಬಾವಿಯ ಒಡೆಯರಿಗೆ ಈ ತತ್ತ್ವವು ಅಪರಿಚಿತವಲ್ಲ. ಹನಿ ನೀರಾವರಿಯಿಂದ ಎಕರೆಗೆ ಬೇಕಾಗುವ ನೀರು ಅರ್ಧವಾಯಿತೆಂದು ಸಂತೋಷಪಟ್ಟು, ತೋಟವನ್ನು ಇಮ್ಮಡಿಯಾಗಿ ವಿಸ್ತರಿಸಿದರೆ ಬಾವಿಗೆ ಉಳಿದುದೇನು? ದಕ್ಷತೆಯೊಂದೇ ಮಿತವ್ಯಯವಲ್ಲ, ಮಿತಿಯನ್ನು ಮೊದಲೇ ಗೊತ್ತುಮಾಡಿಕೊಂಡಾಗ ಮಾತ್ರ ದಕ್ಷತೆಯು ಉಳಿತಾಯವಾಗುವುದು.

ಇದರಿಂದ ತಿಳಿಯುವ ಪಾಠವೆಂದರೆ, ಯಂತ್ರವನ್ನು ಕೊಳ್ಳುವ ನಿರ್ಣಯವು ಒಂದು ಕಡೆಯಲ್ಲಿಯೂ ಪರಿಸರದ ವರದಿಯನ್ನು ಬರೆಯುವ ಕೆಲಸವು ಇನ್ನೊಂದು ಕಡೆಯಲ್ಲಿಯೂ ನಡೆಯಕೂಡದು. ಬೆಳೆ ಇಟ್ಟ ಮೇಲೆ ನೀರು ಹುಡುಕುವುದರಿಂದ ಆಗುವ ಫಲವೇ ಇಲ್ಲಿಯೂ ಆಗುವುದು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಣ ಮಂಡಲಿಯು ೨೦೨೨–೨೩ರಿಂದ ಅತಿ ದೊಡ್ಡ ೧,೦೦೦ ಸಂಸ್ಥೆಗಳು ತಮ್ಮ ವಿದ್ಯುತ್ತು, ನೀರು, ತ್ಯಾಜ್ಯಗಳ ಲೆಕ್ಕವನ್ನು ವಾರ್ಷಿಕ ವರದಿಯೊಡನೆ ಪ್ರಕಟಿಸಬೇಕೆಂದು ಕಡ್ಡಾಯ ಮಾಡಿದೆ. ಈ ಲೆಕ್ಕವು ವರ್ಷ ಕಳೆದ ಮೇಲೆ ಬರುವುದು. ನಿರ್ಣಯವು ವರ್ಷದ ಆದಿಯಲ್ಲಿ ಆಗುವುದು. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವವರೆಗೆ ಒಳ್ಳೆಯ ಮಾತುಗಳು ಮಾತಾಗಿಯೇ ಉಳಿಯುತ್ತವೆ.

ಸಂಘಗಳು ಅನುಸರಿಸತಕ್ಕ ಕ್ರಮ

ಪ್ರಥಮತಃ, ಅಗತ್ಯವನ್ನು ಅಳೆಯುವುದು. ಸಾಲದ ಖಾತೆ, ಗೊಬ್ಬರದ ದಾಸ್ತಾನು, ಷೇರುದಾರರ ಪಟ್ಟಿ, ಇವನ್ನು ಬರೆಯುವುದಕ್ಕೆ ಚಿತ್ರಪಟ ತಯಾರಿಸುವವರ ಯಂತ್ರ ಬೇಕಾಗಿಲ್ಲ. ಪರದೆಸಮೇತವಾದ ದೊಡ್ಡ ಮೇಜುಯಂತ್ರವು ೧೫೦ ವಾಟ್ ತೆಗೆದುಕೊಳ್ಳುವುದೆಂದಿಟ್ಟುಕೊಂಡರೆ, ದಿನಕ್ಕೆ ೮ ಗಂಟೆಯಂತೆ ವರ್ಷದ ೩೦೦ ದಿವಸಗಳಲ್ಲಿ ಅದು ೩೬೦ ಯೂನಿಟ್ಟುಗಳನ್ನು ಬಳಸುವುದು. ೪೦ ವಾಟ್ ತೆಗೆದುಕೊಳ್ಳುವ ಚಿಕ್ಕ ಯಂತ್ರವು ಅದೇ ಕೆಲಸಕ್ಕೆ ೯೬ ಯೂನಿಟ್ಟುಗಳನ್ನು ಬಳಸುವುದು. ಉಳಿತಾಯವು ೨೬೪ ಯೂನಿಟ್ಟುಗಳು. ೫ ಅಶ್ವಶಕ್ತಿಯ ಪಂಪು ಗಂಟೆಗೆ ೪ ಯೂನಿಟ್ಟುಗಳನ್ನು ತೆಗೆದುಕೊಳ್ಳುವುದಾದರೆ ಇದು ೬೬ ಗಂಟೆಗಳ ನೀರಾವರಿಗೆ ಸಮ. ದಿನಕ್ಕೆ ೭ ಗಂಟೆಯ ಪಾಳಿಯಲ್ಲಿ ಒಂಬತ್ತು ದಿವಸಗಳಿಗೂ ಮೇಲೆ.

ಎರಡನೆಯದಾಗಿ, ಕೆಲಸವಿಲ್ಲದಾಗ ಆರಿಸುವುದು. ವರ್ಷದ ೮,೭೬೦ ಗಂಟೆಗಳಲ್ಲಿ ಕೆಲಸದ ಗಂಟೆಗಳು ೨,೪೦೦ ಮಾತ್ರ. ಉಳಿದ ೬,೩೬೦ ಗಂಟೆಗಳಲ್ಲಿ ಯಂತ್ರವನ್ನು ಆರಿಸದೆ ಬಿಟ್ಟು, ಅದು ಸುಮ್ಮನಿರುವಾಗ ೫೦ ವಾಟ್ ತಿನ್ನುತ್ತಿದ್ದರೂ ೩೧೮ ಯೂನಿಟ್ಟುಗಳು ವ್ಯರ್ಥವಾಗುವುವು. ದುಡಿಯುವಾಗ ತಿಂದುದಕ್ಕೂ ನಿದ್ರಿಸುವಾಗ ತಿಂದುದಕ್ಕೂ ಹೆಚ್ಚು ಅಂತರವಿಲ್ಲವೆಂದಾಯಿತು. ಸಂಜೆ ಬಾಗಿಲಿಗೆ ಬೀಗ ಹಾಕುವ ಗುಮಾಸ್ತನೇ ಗೋಡೆಯ ಗುಂಡಿಯನ್ನೂ ಆರಿಸುವಂತೆ ಆಜ್ಞೆ ಮಾಡುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಮೂರನೆಯದಾಗಿ, ಆಯುಸ್ಸನ್ನು ಬೆಳೆಸುವುದು. ಕೈಯಲ್ಲಿ ಒಯ್ಯುವ ಚಿಕ್ಕ ಗಣಕಯಂತ್ರಗಳ ವಿಷಯದಲ್ಲಿ, ಅವುಗಳ ಜೀವಮಾನದ ಒಟ್ಟು ಅಂಗಾರದ ಬಹುಭಾಗವು ಅವು ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಖರ್ಚಾಗಿರುತ್ತದೆ. ಆದ್ದರಿಂದ ಮೂರು ವರ್ಷಕ್ಕೆ ಬಿಸಾಡತಕ್ಕುದನ್ನು ಆರು ವರ್ಷ ನಡೆಸಿದರೆ ಅದೇ ದೊಡ್ಡ ಉಳಿತಾಯ. ಬಿಡಿಭಾಗಗಳು ತಾಲೂಕಿನ ಪೇಟೆಯಲ್ಲಿ ದೊರೆಯುವುವೇ, ಬಿಚ್ಚಿ ದುರಸ್ತಿ ಮಾಡಲು ಸಾಧ್ಯವೇ, ಎಷ್ಟು ವರ್ಷಗಳ ವರೆಗೆ ತಂತ್ರಾಂಶದ ರಕ್ಷಣೆಯನ್ನು ಒದಗಿಸುವರು ಎಂಬ ಮೂರು ಪ್ರಶ್ನೆಗಳಿಗೆ ಮಾರುವವರಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಮೂರನೆಯ ಪ್ರಶ್ನೆಯು ಅತಿ ಮುಖ್ಯವಾದುದು. ೨೦೨೫ನೆಯ ಅಕ್ಟೋಬರ್ ೧೪ರಂದು ವಿಂಡೋಸ್ ೧೦ ಎಂಬ ತಂತ್ರಾಂಶಕ್ಕೆ ಸಾಮಾನ್ಯ ರಕ್ಷಣೆಯು ನಿಂತುಹೋಯಿತು. ಅದರ ಮುಂದಿನ ತಂತ್ರಾಂಶವನ್ನು ಅನೇಕ ಹಳೆಯ ಯಂತ್ರಗಳು ಸ್ವೀಕರಿಸಲಾರವು. ಕೀಲು ಕೀಲೂ ಗಟ್ಟಿಯಾಗಿರುವ ಯಂತ್ರವು ಹೀಗೆ ಒಂದು ದಿವಸದಲ್ಲಿ ಮುದಿಯಾಗುವುದು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಅಳವಡಿಸಿದರೆ ಇಂಥವುಗಳಲ್ಲಿ ಅನೇಕವು ಇನ್ನೂ ಕೆಲವು ವರ್ಷ ದುಡಿಯಬಲ್ಲುವು. ಆದರೆ ಸಂಘದ ಲೆಕ್ಕದ ತಂತ್ರಾಂಶವೂ ಬೆರಳಚ್ಚಿನ ಸಾಧನವೂ ಅದರಲ್ಲಿ ಸರಿಯಾಗಿ ನಡೆಯುವುವೇ ಎಂದು ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿದ ಮೇಲೆ ಮಾತ್ರ ಬದಲಾಯಿಸಬೇಕು.

ನಾಲ್ಕನೆಯದಾಗಿ, ದಾಖಲೆಗಳಲ್ಲಿ ಕಳೆ ಕೀಳುವುದು. ಒಂದೇ ಪತ್ರದ ಹತ್ತು ಪ್ರತಿಗಳು, ಸಭೆಯ ನೂರಾರು ಛಾಯಾಚಿತ್ರಗಳು, ಯಾರೂ ತೆರೆಯದ ಚಲಚ್ಚಿತ್ರಗಳು ದೂರದ ಭಂಡಾರದಲ್ಲಿ ವರ್ಷಗಟ್ಟಲೆ ಸ್ಥಳವನ್ನೂ ಶಕ್ತಿಯನ್ನೂ ತಿನ್ನುತ್ತಿರುತ್ತವೆ. ಕಾನೂನಿನಂತೆ ಇಡಬೇಕಾದುದನ್ನು ಎರಡು ಕಡೆ ಭದ್ರವಾಗಿ ಇಟ್ಟು, ಉಳಿದುದನ್ನು ವರ್ಷಕ್ಕೊಮ್ಮೆ ತೆಗೆದುಹಾಕಬೇಕು. ಯಂತ್ರದಲ್ಲಿ ಬರೆದುದನ್ನೆಲ್ಲ ಮತ್ತೆ ಕಾಗದದ ಮೇಲೆ ಮುದ್ರಿಸುವ ಅಭ್ಯಾಸವು ಎರಡು ಖರ್ಚುಗಳನ್ನು ಒಂದೇ ಕೆಲಸಕ್ಕೆ ಮಾಡಿದಂತೆ.

ಐದನೆಯದಾಗಿ, ಕಳೇಬರದ ಗತಿಯನ್ನು ಮೊದಲೇ ನಿಶ್ಚಯಿಸುವುದು. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಷರತ್ತು ಹೊಸ ಬ್ಯಾಟರಿಯ ರಸೀತಿಯಲ್ಲಿಯೇ ಇರತಕ್ಕುದು. ಒಂದು ಸಂಘದ ಎರಡು ಹಳೆಯ ಯಂತ್ರಗಳಿಗಾಗಿ ನೋಂದಾಯಿತ ಸಂಸ್ಥೆಯವರು ಹಳ್ಳಿಗೆ ಬರಲಾರರು. ತಾಲೂಕಿನ ಸಂಘಗಳೆಲ್ಲ ಕೂಡಿ ವರ್ಷಕ್ಕೊಂದು ದಿವಸವನ್ನು ಗೊತ್ತುಮಾಡಿ ಒಂದೇ ಸ್ಥಳದಲ್ಲಿ ಒಪ್ಪಿಸಿದರೆ ಬರುವರು. ಒಪ್ಪಿಸುವುದಕ್ಕೆ ಮೊದಲು ಷೇರುದಾರರ ಲೆಕ್ಕಗಳನ್ನು ಯಂತ್ರದಿಂದ ಪೂರ್ಣವಾಗಿ ಅಳಿಸುವುದನ್ನು ಮರೆಯಲಾಗದು.

ಆಕ್ಷೇಪಣೆಗಳು

ಹಳ್ಳಿಯ ಸಂಘವೊಂದರ ಒಂದೆರಡು ಯಂತ್ರಗಳಿಂದ ಲೋಕಕ್ಕೆ ಆಗುವ ನಷ್ಟವೆಷ್ಟು ಎಂದು ಕೆಲವರು ಕೇಳಬಹುದು. ಮೇಲೆ ಹೇಳಿದ ೨೬೪ ಯೂನಿಟ್ಟುಗಳ ಉಳಿತಾಯವು ೬೩,೦೦೦ ಸಂಘಗಳಲ್ಲಿ ಒಂದೊಂದು ಯಂತ್ರಕ್ಕೆ ಆದರೂ ವರ್ಷಕ್ಕೆ ೧ ಕೋಟಿ ೬೬ ಲಕ್ಷ ಯೂನಿಟ್ಟುಗಳನ್ನು ಮೀರುವುದು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಉಳಿತಾಯಕ್ಕೆ ಹೇಗೋ ಸೋರಿಕೆಗೂ ಹಾಗೆಯೇ ಅನ್ವಯಿಸುವುದು.

ಮಿತವ್ಯಯದ ಯಂತ್ರಕ್ಕೆ ಬೆಲೆ ಹೆಚ್ಚೆಂಬುದು ಎರಡನೆಯ ಆಕ್ಷೇಪಣೆ. ಕೆಲವು ವೇಳೆ ಇದು ನಿಜ. ಆದರೆ ಕೊಂಡ ಬೆಲೆಯೊಂದನ್ನೇ ನೋಡದೆ, ಆರು ವರ್ಷಗಳ ವಿದ್ಯುತ್ತು, ದುರಸ್ತಿ, ಬ್ಯಾಟರಿಗಳನ್ನೂ ಕೂಡಿಸಿ ಹೋಲಿಸಿದಾಗ ಬಹಳ ಸಂದರ್ಭಗಳಲ್ಲಿ ಲೆಕ್ಕವು ತಿರುಗುಮುರುಗಾಗುವುದು. ಹೀಗೆ ಹೋಲಿಸಿದ ಮೇಲೆಯೂ ದುಬಾರಿಯೆಂದು ಕಂಡರೆ ಅಂಥದನ್ನು ಬಿಡಬಹುದು. ಹೋಲಿಸದೆ ಬಿಡುವುದು ತಪ್ಪು.

ಯಂತ್ರವನ್ನು ಆರಿಸುವವರು ಮೇಲಿನ ಅಧಿಕಾರಿಗಳು, ಸಂಘದ ಕೈಯಲ್ಲಿ ಏನಿದೆ ಎಂಬುದು ಮೂರನೆಯ ಆಕ್ಷೇಪಣೆ. ಇದು ಮೊದಲಿನೆರಡಕ್ಕಿಂತ ಬಲವಾದುದು. ಸರಕಾರದ ಯೋಜನೆಯಲ್ಲಿ ಬರುವ ಮೊದಲನೆಯ ಯಂತ್ರವನ್ನು ಸಂಘವು ಆರಿಸುವಂತಿಲ್ಲ. ಆದರೆ ದಿನದಿನದ ಬಳಕೆ, ಬ್ಯಾಟರಿಯ ನಿರ್ವಹಣೆ, ಮುದ್ರಣದ ಖರ್ಚು, ಮುಂದಿನ ಖರೀದಿ, ಹಳೆಯದರ ವಿಲೇವಾರಿ, ಇವೆಲ್ಲ ಆಡಳಿತ ಮಂಡಲಿಯ ಅಧೀನದಲ್ಲಿವೆ. ಅಲ್ಲದೆ ಮೇಲಿನವರ ಟೆಂಡರುಗಳಲ್ಲಿ ವಿದ್ಯುತ್ತಿನ ಪ್ರಮಾಣ, ದುರಸ್ತಿಯ ಅನುಕೂಲ, ಹಿಂದಕ್ಕೆ ಪಡೆಯುವ ಹೊಣೆ ಎಂಬ ಷರತ್ತುಗಳು ಸೇರಬೇಕಾದರೆ ಕೆಳಗಿನಿಂದ ಕೇಳುವವರಿರಬೇಕು. ಕೇಳದೆ ಇದ್ದಲ್ಲಿ ಅತಿ ಕಡಿಮೆ ಬೆಲೆಯ ಸಾಮಾನೇ ಬರುವುದು. ಅದರ ಉಳಿದ ಬೆಲೆಯನ್ನು ಹಳ್ಳಿಯು ಕಂತಿನ ಮೇಲೆ ತೆರುವುದು.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಚಿಕ್ಕ ಏರ್ಪಾಡನ್ನು ಮಾಡಿಸುವುದು ಉಚಿತವಾಗಿ ಕಾಣುತ್ತದೆ. ವಾರ್ಷಿಕ ಆಯವ್ಯಯ ಪಟ್ಟಿಯ ಕೊನೆಗೆ ಅರ್ಧ ಪುಟವನ್ನು ಸೇರಿಸಿ, ಯಂತ್ರಗಳೆಷ್ಟು, ಅವುಗಳ ವಯಸ್ಸೆಷ್ಟು, ವರ್ಷದಲ್ಲಿ ಖರ್ಚಾದ ಯೂನಿಟ್ಟುಗಳೆಷ್ಟು, ಬ್ಯಾಟರಿಗಳು ಯಾರಿಂದ ಬಂದು ಯಾರಿಗೆ ಹೋದುವು, ವಿಲೇವಾರಿಯ ರಸೀತಿ ಇದೆಯೇ ಎಂಬ ಐದು ಸಾಲುಗಳನ್ನು ಬರೆಯಿಸಿ ಓದಿಸಬೇಕು. ಓದುವಾಗ ಪ್ರಶ್ನೆ ಕೇಳುವ ಒಬ್ಬ ಷೇರುದಾರನಾದರೂ ಸಭೆಯಲ್ಲಿರಬೇಕು. ಕಣಗಿನಹಾಳದ ಹಿರಿಯರು ಸಾಲಕೊಟ್ಟ ಪ್ರತಿಯೊಂದು ರೂಪಾಯಿಗೂ ಹೇಗೆ ಹೊಣೆಯಾಗಿ ನಿಂತರೋ, ಹಾಗೆಯೇ ಸಂಘವು ಬಳಸಿದ ಪ್ರತಿಯೊಂದು ಯೂನಿಟ್ಟಿಗೂ ಬಿಸಾಡಿದ ಪ್ರತಿಯೊಂದು ಬ್ಯಾಟರಿಗೂ ಈಗಿನವರು ಹೊಣೆಯಾಗಿ ನಿಲ್ಲುವ ಕಾಲವು ಬಂದಿದೆ.